ದೂರು ಕೊಟ್ಟವಳು, ದೂರಿಗೆ ಒಳಗಾದವನು

ಮಗಳನ್ನು ದೂರದ ಊರಿನ ಕಾಲೇಜಿಗೆ ಸೇರಿಸಿ ಹಿಂದಿರುಗುವ ತಂದೆಯ ಮನಸ್ಸನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ವಸತಿ ನಿಲಯದ ಬಾಗಿಲಲ್ಲಿ ಅವಳ ಪೆಟ್ಟಿಗೆಯನ್ನಿಳಿಸಿ, "ಗುರುಗಳು ಹೇಳಿದಂತೆ ನಡೆದುಕೊಳ್ಳವ್ವಾ" ಎಂದಷ್ಟೇ ಹೇಳಿ ಅವನು ಬಸ್ಸನ್ನೇರುತ್ತಾನೆ. ಆ ಒಂದು ಮಾತಿನಿಂದ ಅವನು ತನ್ನ ಮಗಳ ಮೇಲಿನ ತನ್ನ ಅಧಿಕಾರವನ್ನೆಲ್ಲ ಪರಿಚಯವಿಲ್ಲದ ಕೆಲವರ ಕೈಗೆ ಒಪ್ಪಿಸಿರುತ್ತಾನೆ. ರಸೀದಿಯಿಲ್ಲದ ಒಪ್ಪಂದವದು, ಬರಿಯ ವಿಶ್ವಾಸದ ಮೇಲೆ ನಿಂತದ್ದು. ಅದೇ ಕಾಲೇಜಿನಲ್ಲಿ ಇನ್ನೊಬ್ಬರ ಮಗನು ಓದುತ್ತಿರುತ್ತಾನೆ; ಮತ್ತೊಬ್ಬರ ಪತಿ, ಮತ್ತೊಬ್ಬರ ತಂದೆ ಅಲ್ಲಿ ಪಾಠ ಹೇಳುತ್ತಿರುತ್ತಾನೆ. ಹೀಗಿರುವಾಗ ಒಂದು ದಿನ ಆ ಮಗಳು ಪ್ರಾಚಾರ್ಯರ ಕೋಣೆಗೆ ಬಂದು, ತನಗೆ ಇಂಥವರಿಂದ ಅವಮಾನವಾಯಿತೆಂದು ನಡುಗುವ ದನಿಯಲ್ಲಿ ಹೇಳಿದರೆ, ಸಂಸ್ಥೆಯು ಅವಳಿಗೆ ಏನನ್ನು ಕೊಡಬೇಕು? ಅವಳು ಹೆಸರಿಸಿದ ವ್ಯಕ್ತಿಗೆ ಏನನ್ನು ಕೊಡಬೇಕು? ಇದೇ ಈ ಲೇಖನದ ಪ್ರಶ್ನೆ.

ಈ ವಿಷಯವನ್ನು ಕುರಿತು ಬರೆಯಲು ನನಗಿರುವ ಅರ್ಹತೆ ಪಾಂಡಿತ್ಯದ್ದಲ್ಲ, ಪಶ್ಚಾತ್ತಾಪದ್ದು. ಸುಮಾರು 40 ವರ್ಷಗಳ ಹಿಂದೆ ನಾನು ಒಂದು ಕಾಲೇಜಿನಲ್ಲಿ ಕಿರಿಯ ಉಪನ್ಯಾಸಕನಾಗಿದ್ದೆ. ಒಬ್ಬ ವಿದ್ಯಾರ್ಥಿನಿ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರ ಮೇಲೆ ಇಂಥದೇ ದೂರನ್ನು ತಂದಳು. ಮರುದಿನ ಅವಳ ತಂದೆಯನ್ನು ಕರೆಸಲಾಯಿತು. ಪ್ರಾಚಾರ್ಯರು ಅವರಿಗೆ ಚಹ ಕೊಡಿಸಿ, "ನಿಮ್ಮ ಹುಡುಗಿಯ ಮುಂದಿನ ಬಾಳ್ವೆಯನ್ನು ನೋಡಿಕೊಳ್ಳಿ, ನಾಳೆ ಲಗ್ನವಾಗಬೇಕಾದವಳು" ಎಂದು ಮೃದುವಾಗಿ ಹೇಳಿದರು. ತಂದೆ ತಲೆ ತಗ್ಗಿಸಿ ಕೇಳಿದರು. ವರ್ಗಾವಣೆ ಪತ್ರವನ್ನು ಪಡೆದು ಮಗಳನ್ನು ಕರೆದುಕೊಂಡು ಹೋದರು. ಅಧ್ಯಾಪಕರ ಕೋಣೆಯಲ್ಲಿ ನಾವೆಲ್ಲರೂ ಕಂಡೆವು, ಯಾರೂ ಬಾಯಿ ತೆರೆಯಲಿಲ್ಲ. ಹಲವು ವರ್ಷಗಳ ನಂತರ ಆ ಹಿರಿಯರು ನಿವೃತ್ತರಾದಾಗ ಅವರ ಬಿನ್ನವತ್ತಳೆಯನ್ನು ಬರೆದು ಓದಿದವನು ನಾನೇ.

ವಾಚಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಹಿರಿಯರು ತಪ್ಪು ಮಾಡಿದ್ದರೋ ಇಲ್ಲವೋ ಎಂಬುದು ಇಂದಿಗೂ ನನಗೆ ತಿಳಿಯದು. ಯಾರಿಗೂ ತಿಳಿಯದು. ಏಕೆಂದರೆ ಯಾರೂ ವಿಚಾರಿಸಲಿಲ್ಲ. ತಪ್ಪು ಮಾಡಿದ್ದರೆ ಅವರು ಹೂಮಾಲೆ ಹಾಕಿಸಿಕೊಂಡು ಮನೆಗೆ ಹೋದರು. ಮಾಡಿರದಿದ್ದರೆ ಕೊನೆಯ ದಿನದವರೆಗೂ ಬೆನ್ನ ಹಿಂದಿನ ಪಿಸುಮಾತನ್ನು ಹೊತ್ತುಕೊಂಡೇ ಬಾಳಿದರು. ಆ ಹುಡುಗಿಯಂತೂ ಎರಡು ಬಗೆಯಲ್ಲಿಯೂ ಓದನ್ನು ಕಳೆದುಕೊಂಡಳು. ಸಂಸ್ಥೆಯ ಮಾನ ಉಳಿಯಿತೆಂದು ನಾವು ಸಮಾಧಾನಪಟ್ಟುಕೊಂಡೆವು. ಯಾರ ಮಾನವೂ ಉಳಿಯಲಿಲ್ಲವೆಂಬುದು ನನಗೆ ಅರಿವಾಗಲು ಬಹುಕಾಲ ಬೇಕಾಯಿತು. ಮೌನವು ದೂರು ಕೊಟ್ಟವಳಿಗೆ ಮಾತ್ರ ಅನ್ಯಾಯ ಮಾಡುತ್ತದೆ, ದೂರಿಗೆ ಒಳಗಾದವನನ್ನು ಕಾಪಾಡುತ್ತದೆ ಎಂಬ ತಿಳಿವಳಿಕೆ ತಪ್ಪು. ನಿರಪರಾಧಿಗೆ ವಿಚಾರಣೆಯೇ ರಕ್ಷೆ. ವಿಚಾರಣೆಯಿಲ್ಲದ ಕಡೆ ಅವನಿಗೆ ಬಿಡುಗಡೆಯೂ ಇಲ್ಲ.

ಅಂದಿನ ದಿನಗಳಲ್ಲಿ ನಮ್ಮ ಮುಂದೆ ನಿಯಮವಿರಲಿಲ್ಲವೆಂದು ಹೇಳಿಕೊಳ್ಳಬಹುದಾಗಿತ್ತು. ಇಂದು ಆ ನೆಪವೂ ಇಲ್ಲ. ಈ ನಿಯಮಗಳು ಹುಟ್ಟಿದ ಬಗೆಯೇ ಒಂದು ಪಾಠ. 1992ರಲ್ಲಿ ರಾಜಸ್ಥಾನದ ಒಂದು ಹಳ್ಳಿಯಲ್ಲಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ಕಾರ್ಯಕರ್ತೆಯೊಬ್ಬಳು ಬಾಲ್ಯವಿವಾಹವೊಂದನ್ನು ತಡೆಯಲು ಯತ್ನಿಸಿದಳು. ಕರ್ತವ್ಯವನ್ನು ಮಾಡಿದುದಕ್ಕಾಗಿ ಅವಳು ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದಳು. ಕೆಲಸಕ್ಕೆ ಕಳುಹಿಸಿದವರು ಅವಳ ರಕ್ಷಣೆಯ ಹೊಣೆಯನ್ನು ಹೊತ್ತಿರಲಿಲ್ಲ. ಇದನ್ನು ಮುಂದಿಟ್ಟುಕೊಂಡು ಮಹಿಳಾ ಸಂಘಟನೆಗಳು ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದವು. ವಿಶಾಖಾ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ 1997ರ ಆಗಸ್ಟ್ 13ರಂದು ಮುಖ್ಯ ನ್ಯಾಯಮೂರ್ತಿ ಜೆ. ಎಸ್. ವರ್ಮ, ನ್ಯಾಯಮೂರ್ತಿ ಸುಜಾತಾ ಮನೋಹರ ಹಾಗೂ ನ್ಯಾಯಮೂರ್ತಿ ಬಿ. ಎನ್. ಕಿರ್ಪಾಲ್ ಇವರ ಪೀಠವು, ಕಾನೂನು ರಚನೆಯಾಗುವವರೆಗೆ ಪಾಲಿಸಬೇಕಾದ ಮಾರ್ಗಸೂಚಿಗಳನ್ನು ನೀಡಿತು. ಕೆಲಸದ ಸ್ಥಳದಲ್ಲಿ ಹೆಣ್ಣಿನ ಮಾನವನ್ನು ಕಾಯುವುದು ಸಂಸ್ಥೆಯ ಔದಾರ್ಯವಲ್ಲ, ಸಂವಿಧಾನವು ವಿಧಿಸಿದ ಕರ್ತವ್ಯ ಎಂಬುದು ಅದರ ತಿರುಳು.

ಸಂಸತ್ತು ಕಾನೂನನ್ನು ಮಾಡಲು ಮತ್ತೆ 16 ವರ್ಷಗಳು ಹಿಡಿದವು. 2013ರ ಅಧಿನಿಯಮವು ಅದೇ ವರ್ಷದ ಡಿಸೆಂಬರ್ 9ರಿಂದ ಜಾರಿಗೆ ಬಂತು. ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಪ್ರತ್ಯೇಕವಾಗಿ ರಚಿಸಿದ 2015ರ ವಿನಿಯಮಗಳು 2016ರ ಮೇ 2ರಂದು ಪ್ರಕಟವಾದವು. ಇವುಗಳ ಪ್ರಕಾರ ಪ್ರತಿಯೊಂದು ಕಾಲೇಜಿನಲ್ಲಿಯೂ ಒಂದು ಆಂತರಿಕ ದೂರು ಸಮಿತಿ ಇರಬೇಕು. ಹಿರಿಯ ಮಹಿಳೆಯೊಬ್ಬರು ಅದರ ಅಧ್ಯಕ್ಷರು. ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಮಹಿಳೆಯರು. ಹೊರಗಿನ ಸೇವಾಸಂಸ್ಥೆಯಿಂದ ಬಂದ ಒಬ್ಬ ಸದಸ್ಯರು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳು. ಕುಲಪತಿ, ಕುಲಸಚಿವ, ಡೀನ್, ವಿಭಾಗ ಮುಖ್ಯಸ್ಥ ಮುಂತಾದ ಆಡಳಿತದ ಹಿರಿಯರು ಈ ಸಮಿತಿಯಲ್ಲಿ ಇರಕೂಡದು.

ಈ ಕೊನೆಯ ಮಾತಿನ ಹಿಂದಿರುವ ವಿವೇಕವನ್ನು ಸ್ವಲ್ಪ ನಿಂತು ನೋಡೋಣ. ಸಂಸ್ಥೆಯ ಹೆಸರನ್ನು ಕಾಯುವ ಹೊಣೆ ಹೊತ್ತವನು ಅದೇ ಸಂಸ್ಥೆಯೊಳಗಿನ ತಪ್ಪನ್ನು ತೂಗಲು ಕುಳಿತರೆ ತಕ್ಕಡಿ ಎತ್ತ ವಾಲೀತು? ಅವನು ದುಷ್ಟನಾಗಿರಬೇಕಿಲ್ಲ. ಮುಂದಿನ ವರ್ಷದ ಪ್ರವೇಶ ಸಂಖ್ಯೆ, ಮಾನ್ಯತಾ ಸಮಿತಿಯ ಭೇಟಿ, ದಾನಿಗಳ ಅಭಿಪ್ರಾಯ, ಪತ್ರಿಕೆಯ ಸುದ್ದಿ ಇವೆಲ್ಲ ಅವನ ಕಣ್ಣ ಮುಂದೆ ಸುಳಿದೇ ಸುಳಿಯುತ್ತವೆ. ಸಜ್ಜನನನ್ನೂ ಕುರುಡಾಗಿಸಬಲ್ಲ ಸ್ವಾರ್ಥವೆಂದರೆ ಸಂಸ್ಥೆಯ ಸ್ವಾರ್ಥ. ಅದು ಸೇವೆಯ ವೇಷದಲ್ಲಿ ಬರುತ್ತದೆ. ತನಗಾಗಿ ಒಂದು ಸುಳ್ಳನ್ನೂ ಆಡದವನು ಸಂಸ್ಥೆಗಾಗಿ ಹತ್ತು ಸತ್ಯಗಳನ್ನು ಮುಚ್ಚಿಟ್ಟಾನು. ನಮ್ಮ ಪ್ರಾಚಾರ್ಯರೂ ಅಂಥವರೇ ಆಗಿದ್ದರು.

ಹಾಗಾದರೆ ನಿಯಮ ಬಂದಿತು, ಸಮಿತಿ ಬಂದಿತು, ನ್ಯಾಯವೂ ಬಂದಿತೇ? ಎರಡು ಪ್ರಸಂಗಗಳನ್ನು ವಾಚಕರ ಮುಂದಿಡುತ್ತೇನೆ. ಒಂದು ಜಡತೆಯದು, ಇನ್ನೊಂದು ಆತುರದ್ದು.

2025ರ ಜುಲೈ ತಿಂಗಳಿನಲ್ಲಿ ಒಡಿಶಾದ ಬಾಲಸೋರ್ ನಗರದ ಕಾಲೇಜೊಂದರ ವಿದ್ಯಾರ್ಥಿನಿಯೊಬ್ಬಳು, ತನ್ನ ವಿಭಾಗದ ಮುಖ್ಯಸ್ಥರ ಮೇಲೆ ತಾನು ಕೊಟ್ಟ ದೂರಿಗೆ ನ್ಯಾಯ ದೊರೆಯಲಿಲ್ಲವೆಂದು ಮನನೊಂದು ಕಾಲೇಜಿನ ಆವರಣದಲ್ಲಿಯೇ ಪ್ರಾಣವನ್ನು ಪಣಕ್ಕಿಟ್ಟಳು. ಎರಡು ದಿನಗಳ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆ ವಿಭಾಗ ಮುಖ್ಯಸ್ಥರನ್ನೂ ಪ್ರಾಚಾರ್ಯರನ್ನೂ ಪೊಲೀಸರು ಬಂಧಿಸಿದರು. ಅಪರಾಧವನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ; ಅದನ್ನು ನಾವು ಇಲ್ಲಿ ಮಾಡುವುದು ಬೇಡ. ಆದರೆ ಒಂದನ್ನು ಹೇಳದೆ ಗತ್ಯಂತರವಿಲ್ಲ. ಆ ಕಾಲೇಜಿನಲ್ಲಿ ಸಮಿತಿ ಇಲ್ಲದೆ ಇರಲಿಲ್ಲ. ಹಾಗಿದ್ದೂ ಆ ಮಗುವಿಗೆ ತನ್ನ ಮಾತು ಎಲ್ಲಿಗೂ ತಲುಪಿತೆಂಬ ಭರವಸೆ ಹುಟ್ಟಲಿಲ್ಲ. ನ್ಯಾಯವನ್ನು ಕೊಡುವುದಷ್ಟೇ ಸಾಲದು; ನ್ಯಾಯ ಬರುತ್ತಿದೆ ಎಂಬ ನಂಬಿಕೆಯನ್ನು ಕಾಯುತ್ತಿರುವವಳಲ್ಲಿ ದಿನದಿನವೂ ಉಳಿಸಬೇಕು. ದೂರು ಎಲ್ಲಿಯವರೆಗೆ ಬಂದಿದೆ, ಮುಂದಿನ ವಿಚಾರಣೆ ಎಂದು, ಯಾರನ್ನು ಕೇಳಬೇಕು ಎಂಬ ಮೂರು ಮಾತುಗಳನ್ನು ಹೇಳುವ ಒಬ್ಬ ಹಿರಿಯರು ಜೊತೆಗಿರುವುದು ನೊಂದ ಜೀವಕ್ಕೆ ಎಷ್ಟು ದೊಡ್ಡ ಆಸರೆಯೆಂಬುದನ್ನು ನಾವು ಅಳೆಯಲಾರೆವು.

ಇನ್ನು ಎರಡನೆಯದು. 2009ರಲ್ಲಿ ಗೋವಾ ವಿಶ್ವವಿದ್ಯಾಲಯದ ಒಂದು ವಿಭಾಗದ ಮುಖ್ಯಸ್ಥರ ಮೇಲೆ ವಿದ್ಯಾರ್ಥಿನಿಯರು ದೂರು ಕೊಟ್ಟರು. ಸಮಿತಿಯು ಕೆಲವೇ ದಿನಗಳ ಅವಧಿಯಲ್ಲಿ ಸಾಲುಸಾಲಾಗಿ ಸಭೆಗಳನ್ನು ನಡೆಸಿ ವಿಚಾರಣೆಯನ್ನು ಮುಗಿಸಿತು. ಆರೋಗ್ಯದ ಕಾರಣದಿಂದ ಕಾಲಾವಕಾಶ ಬೇಕೆಂಬ ಆರೋಪಿತರ ಕೋರಿಕೆಗೆ ಬೆಲೆ ಬರಲಿಲ್ಲ. ಅವರ ಅನುಪಸ್ಥಿತಿಯಲ್ಲಿಯೇ ಕಾರ್ಯ ಸಾಗಿತು. ವಿಶ್ವವಿದ್ಯಾಲಯವು ಅವರನ್ನು ಕೆಲಸದಿಂದ ತೆಗೆದುಹಾಕಿತು. ವ್ಯಾಜ್ಯವು ಉಚ್ಚ ನ್ಯಾಯಾಲಯದ ಮೂಲಕ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2023ರ ಮೇ 12ರಂದು ಆ ನ್ಯಾಯಾಲಯವು, ಆರೋಪಿತರಿಗೆ ತಮ್ಮ ಸಮರ್ಥನೆಗೆ ತಕ್ಕ ಅವಕಾಶ ದೊರೆಯಲಿಲ್ಲವೆಂದು ಆ ಆಜ್ಞೆಯನ್ನು ರದ್ದುಗೊಳಿಸಿ, ವಿಚಾರಣೆಯನ್ನು ಮತ್ತೆ ನಡೆಸುವಂತೆ ಆದೇಶಿಸಿತು. ನೊಂದವರಿಗೆ ನ್ಯಾಯ ಮಾಡಬೇಕೆಂಬ ಸಮಿತಿಯ ಆತಂಕವೇ ಅವರಿಗೆ ಹೆಚ್ಚಿನ ಹಾನಿಯನ್ನು ತಂದಿತೆಂಬುದು ನ್ಯಾಯಮೂರ್ತಿಗಳ ಅಭಿಪ್ರಾಯವಾಗಿತ್ತು.

ವಾಚಕರೇ, ಈ ಮಾತನ್ನು ಮತ್ತೊಮ್ಮೆ ಓದಿರಿ. ಆರೋಪಿತನಿಗೆ ಅವಕಾಶ ಕೊಡದಿದ್ದುದರಿಂದ ಹಾನಿಯಾದದ್ದು ಅವನೊಬ್ಬನಿಗಲ್ಲ. ದೂರು ಕೊಟ್ಟ ಹೆಣ್ಣುಮಕ್ಕಳಿಗೂ ಆಯಿತು. ಅವರು 14 ವರ್ಷಗಳ ನಂತರ ಮತ್ತೆ ಮೊದಲ ಮೆಟ್ಟಿಲಿಗೆ ಬಂದು ನಿಲ್ಲಬೇಕಾಯಿತು. ಅಂದು ವಿದ್ಯಾರ್ಥಿನಿಯರಾಗಿದ್ದವರು ಇಂದು ಎಲ್ಲಿದ್ದಾರೋ, ಹಳೆಯ ಗಾಯವನ್ನು ಮತ್ತೆ ಬಿಚ್ಚಲು ಅವರಿಗೆ ಮನಸ್ಸಿದೆಯೋ ಇಲ್ಲವೋ! ಸಮಿತಿಯು ಇನ್ನೆರಡು ವಾರ ತಾಳಿಕೊಂಡು, ಆರೋಪಿತನ ಮಾತನ್ನು ಪೂರ್ಣವಾಗಿ ಕೇಳಿ, ತನ್ನ ಕಾರಣಗಳನ್ನು ಬರೆದಿಟ್ಟಿದ್ದರೆ, ಆ ನಿರ್ಣಯವು ಯಾವ ನ್ಯಾಯಾಲಯದಲ್ಲಿಯೂ ನಿಲ್ಲುವ ಬಲವನ್ನು ಪಡೆಯಬಹುದಾಗಿತ್ತು.

ಇಲ್ಲಿ ನಾವು ಸಾಮಾನ್ಯವಾಗಿ ಹಿಡಿಯುವ ಒಂದು ತಪ್ಪು ಲೆಕ್ಕವು ಬಯಲಾಗುತ್ತದೆ. ನ್ಯಾಯವೆಂಬುದು ಒಂದೇ ರೊಟ್ಟಿ, ಒಬ್ಬರಿಗೆ ಹೆಚ್ಚು ಮುರಿದುಕೊಟ್ಟರೆ ಇನ್ನೊಬ್ಬರಿಗೆ ಕಡಿಮೆಯಾಗುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಆದುದರಿಂದ ಕೆಲವರು ಹೆಣ್ಣಿನ ಪಕ್ಷ, ಕೆಲವರು ಗಂಡಿನ ಪಕ್ಷ ಎಂದು ಮೊದಲೇ ಹಂಚಿಹೋಗುತ್ತಾರೆ. ವಸ್ತುಸ್ಥಿತಿ ಹಾಗಿಲ್ಲ. ಸರಿಯಾದ ವಿಚಾರಣೆಯು ಬಾವಿಯ ನೀರಿನಂತೆ. ಒಬ್ಬರು ಸೇದಿದುದರಿಂದ ಇನ್ನೊಬ್ಬರಿಗೆ ಬತ್ತುವುದಿಲ್ಲ. ನಿಯಮದಂತೆ ದೂರಿನ ಪ್ರತಿಯನ್ನು 7 ದಿನಗಳೊಳಗೆ ಆರೋಪಿತನಿಗೆ ಕಳುಹಿಸಬೇಕು. ಅವನು 10 ದಿನಗಳೊಳಗೆ ತನ್ನ ಉತ್ತರವನ್ನೂ ದಾಖಲೆಗಳನ್ನೂ ಸಾಕ್ಷಿಗಳ ಹೆಸರುಗಳನ್ನೂ ಕೊಡಬೇಕು. ವಿಚಾರಣೆಯು 90 ದಿನಗಳಲ್ಲಿ ಮುಗಿಯಬೇಕು. ಈ 90 ದಿನಗಳ ಗಡುವು ಯಾರಿಗಾಗಿ? ಅವಳ ಓದು ಹಾಳಾಗದಿರಲೆಂದು. ಅವನೂ ವರ್ಷಗಟ್ಟಲೆ ಕಳಂಕವನ್ನು ಹೊತ್ತು ತಿರುಗದಿರಲೆಂದು. ವರದಿಯ ಪ್ರತಿಯನ್ನು ಇಬ್ಬರಿಗೂ ಕೊಡಬೇಕು. ಮೇಲ್ಮನವಿಯ ಹಕ್ಕು ಇಬ್ಬರಿಗೂ ಉಂಟು.

"ದೂರು ಕೊಟ್ಟವಳನ್ನು ನಂಬಬೇಕೋ ಬೇಡವೋ?" ಎಂದು ನನ್ನನ್ನು ಕೇಳಿದವರಿದ್ದಾರೆ. ಈ ಪ್ರಶ್ನೆಯನ್ನು ಕೇಳುವ ಬಗೆಯಲ್ಲಿಯೇ ತೊಡಕಿದೆ. ಮನೆಯ ತಾಯಿ ನಂಬಬಹುದು, ಗೆಳತಿ ನಂಬಬಹುದು, ನಂಬಬೇಕು. ಅದು ಪ್ರೀತಿಯ ಧರ್ಮ. ವಿಚಾರಣೆಗೆ ಕುಳಿತವರ ಧರ್ಮ ಬೇರೆ. ಅವರು ಮೊದಲೇ ನಂಬಲೂಬಾರದು, ಮೊದಲೇ ಶಂಕಿಸಲೂಬಾರದು, ಕೇಳಬೇಕು. ಆಲಿಸುವುದೆಂದರೆ, "ನೀನು ಆ ಹೊತ್ತಿನಲ್ಲಿ ಅಲ್ಲಿಗೇಕೆ ಹೋದೆ? ಅಂದು ಯಾವ ಉಡುಪನ್ನು ಉಟ್ಟಿದ್ದೆ? ಇಷ್ಟು ದಿನ ಸುಮ್ಮನಿದ್ದು ಈಗೇಕೆ ಬಂದೆ?" ಎಂದು ಅವಳನ್ನೇ ಕಟಕಟೆಯಲ್ಲಿ ನಿಲ್ಲಿಸುವುದಲ್ಲ. ಹಾಗೆಯೇ, "ಬೆಂಕಿಯಿಲ್ಲದೆ ಹೊಗೆಯಾಡೀತೆ?" ಎಂಬ ಗಾದೆಯೊಂದನ್ನೇ ಸಾಕ್ಷ್ಯವನ್ನಾಗಿ ಮಾಡಿಕೊಂಡು ಅವನ ಹಣೆಯ ಮೇಲೆ ಬರೆಯುವುದೂ ಅಲ್ಲ. ಗಾದೆಗಳು ಅನುಭವದ ಮಾತುಗಳು ನಿಜ, ಅವು ಪುರಾವೆಗಳಲ್ಲ.

ವಿಚಾರಣೆ ನಡೆಯುವ ಕಾಲದಲ್ಲಿ ಏನು ಮಾಡಬೇಕು? ಇದು ಬಹು ಸೂಕ್ಷ್ಮವಾದ ಪ್ರಶ್ನೆ. ಆಂತರಿಕ ಅಂಕಗಳನ್ನು ಹಾಕುವವನ ಮೇಲೆಯೇ ಹುಡುಗಿ ದೂರು ಕೊಟ್ಟಿದ್ದಾಳೆನ್ನಿ. ತೀರ್ಪು ಬರುವವರೆಗೆ ಅವಳ ಉತ್ತರ ಪತ್ರಿಕೆ ಅವನ ಕೈಯಲ್ಲಿಯೇ ಇದ್ದರೆ ಅವಳಿಗೆ ಯಾವ ಧೈರ್ಯ? ಆದುದರಿಂದಲೇ ಅವಳ ಪರೀಕ್ಷೆ, ಮೌಲ್ಯಮಾಪನಗಳಿಂದ ಅವನನ್ನು ದೂರವಿಡಲು ನಿಯಮವು ಅವಕಾಶ ಕೊಟ್ಟಿದೆ. ಇದು ದಂಡನೆಯಲ್ಲ, ಎಚ್ಚರಿಕೆ. ಎಚ್ಚರಿಕೆಯನ್ನು ದಂಡನೆಯಂತೆ ಮಾಡಬಾರದು; ತಾತ್ಕಾಲಿಕ ಏರ್ಪಾಡನ್ನು ಸೂಚನಾ ಫಲಕದಲ್ಲಿ ಅಂಟಿಸಿ, ಎಲ್ಲರೆದುರು ಅವನನ್ನು ಅಪರಾಧಿಯೆಂದು ಸಾರುವುದು ತರವಲ್ಲ. ಗೌಪ್ಯತೆಯ ನಿಯಮವಿರುವುದು ಇದಕ್ಕಾಗಿಯೇ. ಆದರೆ ಗೌಪ್ಯತೆಗೂ ಮುಚ್ಚಿಹಾಕುವುದಕ್ಕೂ ಅಂತರವುಂಟು. ಹೆಸರುಗಳನ್ನು ಕಾಪಾಡುವುದು ಗೌಪ್ಯತೆ. ದೂರನ್ನೇ ಇಲ್ಲವಾಗಿಸುವುದು ಮುಚ್ಚಿಹಾಕುವುದು. ಮೊದಲನೆಯದು ವ್ಯಕ್ತಿಗಳ ಮಾನಕ್ಕಾಗಿ, ಎರಡನೆಯದು ಸಂಸ್ಥೆಯ ಅನುಕೂಲಕ್ಕಾಗಿ.

"ಸುಳ್ಳು ದೂರುಗಳು ಇಲ್ಲವೇ?" ಎಂಬ ಪ್ರಶ್ನೆ ಈ ಮಾತಿನ ಬೆನ್ನಿಗೇ ಬರುತ್ತದೆ. ಮನುಷ್ಯರಿರುವಲ್ಲಿ ಸುಳ್ಳೂ ಇರುತ್ತದೆ. ಈ ಒಂದು ವಿಷಯ ಅದಕ್ಕೆ ಹೊರತೆಂದು ನಾನು ಹೇಳಲಾರೆ. ದುರುದ್ದೇಶದಿಂದ ಸುಳ್ಳು ದೂರು ಕೊಟ್ಟವರ ಮೇಲೆ ಕ್ರಮ ಕೈಗೊಳ್ಳಲು 2013ರ ಅಧಿನಿಯಮದ 14ನೆಯ ಕಲಮಿನಲ್ಲಿ ಅವಕಾಶವಿದೆ. ಆದರೆ ಅದೇ ಕಲಮು ಇನ್ನೊಂದು ಮಾತನ್ನೂ ಹೇಳುತ್ತದೆ. ದೂರನ್ನು ಸಿದ್ಧಪಡಿಸಲಾಗಲಿಲ್ಲವೆಂದ ಮಾತ್ರಕ್ಕೆ ಅದು ಸುಳ್ಳೆಂದು ತಿಳಿಯಕೂಡದು. ಮುಚ್ಚಿದ ಕೋಣೆಯಲ್ಲಿ ನಡೆದುದಕ್ಕೆ ಸಾಕ್ಷಿಯನ್ನು ಎಲ್ಲಿಂದ ತರುವುದು? ಸಾಕ್ಷ್ಯವಿಲ್ಲದ ಸತ್ಯಗಳು ಲೋಕದಲ್ಲಿ ಬಹಳವಿವೆ. "ಸಾಬೀತಾಗಲಿಲ್ಲ" ಎಂಬ ಮಾತಿಗೂ "ಸುಳ್ಳು" ಎಂಬ ಮಾತಿಗೂ ನಡುವೆ ಅಗಲವಾದ ಬಯಲಿದೆ. ಆ ಬಯಲಿನಲ್ಲಿ ನಿಂತವರನ್ನು ಅತ್ತಲೂ ಇತ್ತಲೂ ತಳ್ಳದೆ ಬಿಡುವ ಸಂಯಮವನ್ನು ನಾವು ಕಲಿಯಬೇಕು. ಹಾಗೆಯೇ ಸಾಬೀತಾಗದ ಆರೋಪವನ್ನು ಹೊತ್ತವನನ್ನು ಅಪರಾಧಿಯಂತೆ ಕಾಣದಿರುವ ಸಂಯಮವೂ ಬೇಕು.

ಕಾಲದ ಮಿತಿಯನ್ನು ಕುರಿತು ಒಂದು ಮಾತು. ಘಟನೆ ನಡೆದ 3 ತಿಂಗಳೊಳಗೆ ದೂರನ್ನು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿಯು ಇನ್ನೂ 3 ತಿಂಗಳನ್ನು ವಿಸ್ತರಿಸಬಹುದು. ಕೋಲ್ಕತ್ತೆಯ ಕಾನೂನು ವಿಶ್ವವಿದ್ಯಾಲಯವೊಂದರಲ್ಲಿ ಅಧ್ಯಾಪಕಿಯೊಬ್ಬರು ಕುಲಪತಿಯ ಮೇಲೆಯೇ ದೂರು ಕೊಟ್ಟರು. ಕೊನೆಯ ಘಟನೆ 2023ರ ಏಪ್ರಿಲಿನದು, ದೂರು ಅದೇ ವರ್ಷದ ಡಿಸೆಂಬರಿನದು. ಅವಧಿ ಮೀರಿತೆಂಬ ಕಾರಣದಿಂದ ದೂರು ನಿಲ್ಲಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಆದರೆ ಆ ತೀರ್ಪನ್ನು ಕುಲಪತಿಯವರು ತಮ್ಮ ವೃತ್ತಿ ಪರಿಚಯ ಪತ್ರದಲ್ಲಿ ಸೇರಿಸತಕ್ಕದ್ದೆಂದೂ ಆಜ್ಞಾಪಿಸಿತು. ಇದರ ಫಲವನ್ನು ನೀವೇ ವಿವೇಚಿಸಿರಿ. ದೂರು ನಿಜವಾಗಿದ್ದರೆ ಆಕೆಗೆ ನ್ಯಾಯ ಸಿಗಲಿಲ್ಲ. ನಿಜವಲ್ಲದಿದ್ದರೆ ಅವರು ವಿಚಾರಣೆಯಿಲ್ಲದೆಯೇ ಒಂದು ಗುರುತನ್ನು ಹೊರಬೇಕಾಯಿತು. ನ್ಯಾಯಾಲಯವು ಕಾನೂನಿನ ಮಾತನ್ನೂ ಮನಸ್ಸಾಕ್ಷಿಯ ಮಾತನ್ನೂ ಒಟ್ಟಿಗೆ ಹೇಳಲು ಯತ್ನಿಸಿತೆಂದು ನಾನು ತಿಳಿಯುತ್ತೇನೆ. ಆದರೂ ವಿಚಾರಿಸದೆ ಉಳಿದ ಸತ್ಯವು ಯಾರಿಗೂ ನೆಮ್ಮದಿಯನ್ನು ಕೊಡದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ಅಧಿಕಾರದಲ್ಲಿರುವವನ ಕೆಳಗೆ ದುಡಿಯುವವಳಿಗೆ, ಅಂಕಗಳಿಗಾಗಿ ಕೈಯೊಡ್ಡಬೇಕಾದವಳಿಗೆ ಬಾಯಿ ಬರಲು 6 ತಿಂಗಳು ಸಾಲದೇ ಹೋಗಬಹುದು. ಶಾಸನಕರ್ತರು ಈ ಕುರಿತು ಪುನರಾಲೋಚಿಸುವುದು ಯುಕ್ತ.

ರಾಜಿಯನ್ನು ಕುರಿತೂ ಹೇಳಬೇಕು. ನಮ್ಮ ಜನ ರಾಜಿಪ್ರಿಯರು. ಗ್ರಾಮದ ಹಿರಿಯರು ಕುಳಿತು ಜಗಳವನ್ನು ಬಗೆಹರಿಸುವ ಪದ್ಧತಿಯಲ್ಲಿ ಒಳ್ಳೆಯದೂ ಇದೆ. ಆದರೆ ಹೊಲದ ಬದುವಿನ ವ್ಯಾಜ್ಯವೂ ಹೆಣ್ಣಿನ ಮಾನಭಂಗವೂ ಒಂದೇ ಅಲ್ಲ. ಅಧಿನಿಯಮವು ನೊಂದವಳು ತಾನಾಗಿ ಕೇಳಿದರೆ ಮಾತ್ರ ರಾಜಿಗೆ ಅವಕಾಶ ಕೊಡುತ್ತದೆ, ಹಣವನ್ನು ಅದರ ಆಧಾರವಾಗಿ ಮಾಡಿಕೊಳ್ಳಕೂಡದೆಂದು ನಿಷೇಧಿಸುತ್ತದೆ. ತಂದೆಯನ್ನು ಕರೆಸಿ ಚಹ ಕೊಡಿಸಿ ಮಾಡಿಸಿದ್ದು ರಾಜಿಯಲ್ಲ, ಶರಣಾಗತಿ. ಹುಡುಗಿಗೆ 18 ವರ್ಷ ತುಂಬಿರದಿದ್ದರಂತೂ ರಾಜಿಯ ಮಾತೇ ಇಲ್ಲ. ನಮ್ಮ ಪದವಿಪೂರ್ವ ಕಾಲೇಜುಗಳ ಬಹುಪಾಲು ಮಕ್ಕಳು ಈ ವಯಸ್ಸಿನವರೆಂಬುದನ್ನು ಮರೆಯಬಾರದು. ಅಂಥ ಸಂಗತಿ ತಿಳಿದೊಡನೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಅಧಿನಿಯಮದ ಪ್ರಕಾರ ಕಡ್ಡಾಯ; ತಿಳಿಸದಿರುವುದೇ ಅಪರಾಧ.

"ಪೊಲೀಸರಿದ್ದಾರೆ, ನ್ಯಾಯಾಲಯಗಳಿವೆ; ಪಾಠ ಹೇಳುವ ಕಾಲೇಜಿಗೆ ಈ ನ್ಯಾಯದಾನದ ಉಸಾಬರಿ ಏಕೆ?" ಎಂದು ಕೇಳುವವರೂ ಉಂಟು. ಎರಡೂ ಕೆಲಸಗಳು ಬೇರೆ. ಇವನನ್ನು ಸೆರೆಮನೆಗೆ ಕಳುಹಿಸಬೇಕೇ ಎಂಬುದು ನ್ಯಾಯಾಲಯದ ಪ್ರಶ್ನೆ. ಅದಕ್ಕೆ ಸಂದೇಹಾತೀತವಾದ ಪುರಾವೆ ಬೇಕು. ಇವನು ಮಕ್ಕಳ ಮುಂದೆ ಗುರುವಾಗಿ ನಿಲ್ಲಬಹುದೇ ಎಂಬುದು ಕಾಲೇಜಿನ ಪ್ರಶ್ನೆ. ಅದನ್ನು ಇನ್ನೊಬ್ಬರ ತಲೆಗೆ ಕಟ್ಟಲಾಗದು. ಪೊಲೀಸರ ಬಳಿಗೆ ಹೋಗಲು ಅವಳು ಬಯಸಿದರೆ ನೆರವಾಗುವುದೂ ಸಂಸ್ಥೆಯ ಕರ್ತವ್ಯವೇ.

ಈ ತಕ್ಕಡಿಯನ್ನು ಸಮವಾಗಿ ಹಿಡಿಯುವುದು ಸುಲಭವೆಂದು ಯಾರೂ ತಿಳಿಯಬಾರದು. ಅಮೆರಿಕವನ್ನು ನೋಡಿರಿ. ಶಿಕ್ಷಣದಲ್ಲಿ ಲಿಂಗಭೇದವನ್ನು ನಿಷೇಧಿಸುವ ಅಲ್ಲಿಯ ಕಾನೂನು 1972ರದು. 2011ರಲ್ಲಿ ಸರ್ಕಾರವು ಕಾಲೇಜುಗಳಿಗೆ ಪತ್ರ ಬರೆದು, ಯಾರ ಮಾತು ಹೆಚ್ಚು ಸಂಭವನೀಯವೋ ಅದರಂತೆ ನಿರ್ಣಯಿಸಬೇಕೆಂದಿತು. 2017ರಲ್ಲಿ ಆ ಪತ್ರವನ್ನು ಹಿಂದೆಗೆದುಕೊಂಡಿತು. 2020ರ ನಿಯಮಗಳು ಕಾಲೇಜುಗಳಲ್ಲಿ ಮುಖಾಮುಖಿ ವಿಚಾರಣೆಯನ್ನೂ ಸಲಹೆಗಾರರಿಂದ ಪಾಟೀ ಸವಾಲನ್ನೂ ಕಡ್ಡಾಯಗೊಳಿಸಿದವು. 2024ರಲ್ಲಿ ಬೇರೆ ನಿಯಮಗಳು ಬಂದವು; 2025ರ ಜನವರಿಯಲ್ಲಿ ನ್ಯಾಯಾಲಯವು ಅವನ್ನು ರದ್ದುಪಡಿಸಿದ್ದರಿಂದ 2020ರ ನಿಯಮಗಳೇ ಮರಳಿದವು. ಸರ್ಕಾರ ಬದಲಾದಂತೆಲ್ಲ ಲೋಲಕವು ಅತ್ತಿಂದಿತ್ತ ತೂಗಿತು. ನಡುವೆ ಸಿಕ್ಕಿಕೊಂಡ ಮಕ್ಕಳಿಗೆ ಯಾವ ನ್ಯಾಯವು ತಮಗೆ ಅನ್ವಯಿಸುತ್ತದೆಂಬುದೇ ಗೊಂದಲವಾಯಿತು. ನ್ಯಾಯದ ರೀತಿಯು ಪಕ್ಷಗಳ ಜಗಳವಾದರೆ ಹೀಗಾಗುತ್ತದೆ.

ಸಂಸ್ಥೆಗಳು ಕಿವಿ ಮುಚ್ಚಿಕೊಂಡರೆ ಏನಾಗುತ್ತದೆಂಬುದನ್ನೂ ನಾವು ಕಂಡಿದ್ದೇವೆ. 2017ರ ಅಕ್ಟೋಬರಿನಲ್ಲಿ ಭಾರತದ ಅನೇಕ ಪ್ರಾಧ್ಯಾಪಕರ ಹೆಸರುಗಳ ಪಟ್ಟಿಯೊಂದು ಫೇಸ್‌ಬುಕ್ಕಿನಲ್ಲಿ ಹರಡಿತು. ದೂರುದಾರರ ಹೆಸರಿಲ್ಲ, ಬಹುಮಟ್ಟಿಗೆ ಘಟನೆಯ ವಿವರವೂ ಇಲ್ಲ. ಸ್ತ್ರೀಪರ ಹೋರಾಟಗಾರ್ತಿಯರಲ್ಲಿಯೇ ಕೆಲವರು ಇದು ನ್ಯಾಯದ ಮಾರ್ಗವಲ್ಲವೆಂದು ಆಕ್ಷೇಪಿಸಿದರು; ಕಿರಿಯರು, ನ್ಯಾಯದ ಮಾರ್ಗವು ನಮಗೆ ತೆರೆದಿತ್ತೇ ಎಂದು ಮರುಪ್ರಶ್ನಿಸಿದರು. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಉತ್ತರ ಹೇಳಲು ಅವಕಾಶವಿಲ್ಲದ ಪಟ್ಟಿಯು ನ್ಯಾಯವಲ್ಲ. ಆದರೆ ಮುಂಬಾಗಿಲನ್ನು ಮುಚ್ಚಿದವರಿಗೆ ಹಿಂಬಾಗಿಲಿನಿಂದ ಬಂದವರನ್ನು ಬಯ್ಯುವ ಹಕ್ಕಿಲ್ಲ.

ಆದುದರಿಂದ ಶಿಕ್ಷಣ ಸಂಸ್ಥೆಗಳನ್ನು ನಡೆಸುವ ಆಡಳಿತ ಮಂಡಳಿಯ ಸದಸ್ಯರಲ್ಲಿ, ಪ್ರಾಚಾರ್ಯರಲ್ಲಿ, ಅಧ್ಯಾಪಕರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಕಾಲೇಜಿನಲ್ಲಿ ಸಮಿತಿ ಇದೆಯೇ ಎಂದು ಕೇಳಿಕೊಂಡು ಸುಮ್ಮನಾಗಬೇಡಿರಿ. ಅದರ ಸದಸ್ಯರ ಹೆಸರು ಮೊದಲನೆಯ ವರ್ಷದ ಹುಡುಗಿಗೆ ತಿಳಿದಿದೆಯೇ ಎಂದು ಕೇಳಿರಿ. ಸದಸ್ಯರಿಗೆ ವಿಚಾರಣೆ ನಡೆಸುವ ಶಿಕ್ಷಣ ದೊರೆತಿದೆಯೇ? ಇಬ್ಬರ ಹೇಳಿಕೆಗಳನ್ನೂ ಬರೆದಿಡುವ ಅಭ್ಯಾಸವಿದೆಯೇ? ನಿರ್ಣಯಕ್ಕೆ ಕಾರಣಗಳನ್ನು ಕೊಡುತ್ತಾರೆಯೇ? ಸಂಕೋಚದಿಂದ ಬಾಯಿ ಬಿಡದ ಹುಡುಗರೂ ನೊಂದಿರಬಹುದು; ಎಲ್ಲ ಲಿಂಗದ ವಿದ್ಯಾರ್ಥಿಗಳ ರಕ್ಷಣೆಯೂ ಆಯೋಗದ ವಿನಿಯಮಗಳಲ್ಲಿ ಬಂದಿದೆಯೆಂಬುದು ಅವರಿಗೆ ಗೊತ್ತೇ? ದೂರುಗಳೇ ಬಂದಿಲ್ಲವೆಂದು ವಾರ್ಷಿಕ ವರದಿಯಲ್ಲಿ ಹೆಮ್ಮೆಯಿಂದ ಬರೆಯುವ ಮುನ್ನ ಒಮ್ಮೆ ಯೋಚಿಸಿರಿ. ರೋಗಿಗಳೇ ಬಾರದ ಆಸ್ಪತ್ರೆಯಿರುವ ಊರು ಆರೋಗ್ಯವಾಗಿರಬಹುದು. ಅಥವಾ ಆ ಆಸ್ಪತ್ರೆಯ ಮೇಲೆ ಜನರಿಗೆ ನಂಬಿಕೆ ಇಲ್ಲದಿರಬಹುದು.

ತಂದೆತಾಯಿಗಳಲ್ಲಿಯೂ ಒಂದು ಮಾತು. ನಮ್ಮ ಮಕ್ಕಳು ಕಾಲೇಜಿನ ಸಮಿತಿಗೆ ಹೇಳುವ ಮೊದಲು ನಮಗೆ ಹೇಳಬಲ್ಲರೇ? "ಓದು ಬಿಟ್ಟು ಮನೆಗೆ ಬಾ" ಎನ್ನುವೆವೆಂಬ ಭಯದಿಂದಲೇ ಎಷ್ಟೋ ಹೆಣ್ಣುಮಕ್ಕಳು ನುಂಗಿಕೊಳ್ಳುತ್ತಾರೆ. ಮಗಳಿಗೆ ಎಚ್ಚರವನ್ನು ಕಲಿಸುವ ನಾವು ಮಗನಿಗೆ ಮರ್ಯಾದೆಯನ್ನು ಕಲಿಸಿದ್ದೇವೆಯೇ? ಬೇಡವೆಂದ ಮೇಲೆ ಬೇಡವೆಂದೇ ತಿಳಿಯುವ ಸಂಸ್ಕಾರವು ಸಮಿತಿಯ ಮುಂದೆ ಆರಂಭವಾಗುವುದಿಲ್ಲ, ಮನೆಯ ಪಡಸಾಲೆಯಲ್ಲಿ ಆರಂಭವಾಗುತ್ತದೆ.

ನನ್ನ ಮಾತನ್ನು ಮುಗಿಸುತ್ತೇನೆ. ಅಂದು ತಂದೆಯ ಹಿಂದೆ ಕಾಲೇಜಿನ ಮೆಟ್ಟಿಲಿಳಿದು ಹೋದ ಆ ಹುಡುಗಿ ನಡುವೆ ಒಮ್ಮೆ ತಿರುಗಿ ನೋಡಿದಳು. ಅಧ್ಯಾಪಕರ ಕೋಣೆಯ ಕಿಟಕಿಯಲ್ಲಿ ನಿಂತಿದ್ದ ನಾನು ಸರಿದು ನಿಂತೆ. ನಾನು ಅವಳ ಪಕ್ಷವನ್ನು ವಹಿಸಬೇಕಾಗಿರಲಿಲ್ಲ. ನಮ್ಮ ಹಿರಿಯರ ವಿರುದ್ಧ ನಿಲ್ಲಬೇಕಾಗಿಯೂ ಇರಲಿಲ್ಲ. "ಇಬ್ಬರ ಮಾತನ್ನೂ ಕೇಳೋಣ, ಸರ್" ಎಂದು ಪ್ರಾಚಾರ್ಯರಿಗೆ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಅಷ್ಟೇ ಮಾತನ್ನು ಆಡಲು ಧೈರ್ಯ ಸಾಲಲಿಲ್ಲ. ವಾಚಕ ಮಹಾಶಯರೇ, ನಿಮ್ಮ ಪಾಲಿಗೆ ಅಂಥ ದಿನ ಬಂದರೆ ಕಿಟಕಿಯಿಂದ ಸರಿಯಬೇಡಿರಿ.